ತಲೆಯ ಮೇಲಿನ ಬಟ್ಟೆ, ತಲೆಯೊಳಗಿನ ವಿದ್ಯೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಬಿ.ಇ. ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದ್ದರು. ಆದರೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದ ನನ್ನಂಥವನು ಈ ಊರಿನವರ ಮುಂದೆ ಹೇಳಲೇಬೇಕಾದ ಮಾತು ಬೇರೊಂದಿದೆ. ಅದು ನಮ್ಮ ಮುಸ್ಲಿಂ ಹೆಣ್ಣುಮಕ್ಕಳ ತಲೆಯ ಮೇಲಿನ ಬಟ್ಟೆಯ ವಿಚಾರ. ಮನೆಯವರ ಜೊತೆ ಮಾತನಾಡಿದ ಹಾಗೆ ಮಾತನಾಡುತ್ತೇನೆ, ನೀವೂ ಹಾಗೆಯೇ ಕೇಳಬೇಕು.

ಸ್ವಲ್ಪ ಹೊತ್ತಿನ ಮುಂಚೆ ನೀವು ನನಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದಿರಿ. ತಲೆಗೆ ಬಟ್ಟೆ ಸುತ್ತುವುದು ನಮ್ಮ ಕಡೆ ಗೌರವದ ಗುರುತು. ಹೊಲಕ್ಕೆ ಹೋಗುವ ಯಜಮಾನರ ತಲೆಗೆ ಟವೆಲ್ಲು, ಬಿಸಿಲಲ್ಲಿ ರಾಗಿ ಕೊಯ್ಯುವ ಅವ್ವನ ತಲೆಗೆ ಸೆರಗು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರ ಎದುರು ಸೊಸೆಯಂದಿರು ಈಗಲೂ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ನನ್ನ ದಾದಿ ಸೀರೆ ಉಡುತ್ತಿದ್ದರು, ಅಜಾನ್ ಕೇಳಿಸಿದಾಗ ಸೆರಗು ತಲೆಗೆ ಬರುತ್ತಿತ್ತು. ಅಮ್ಮಿಯ ಕಾಲಕ್ಕೆ ಕಪ್ಪು ಬುರ್ಖಾ ಬಂತು. ಅಕ್ಕನ ಕಾಲಕ್ಕೆ ಚೂಡಿದಾರ್, ಅದರ ಮೇಲೆ ದುಪಟ್ಟಾ. ಒಂದೇ ಮನೆಯಲ್ಲಿ ಮೂರು ತಲೆಮಾರು, ಮೂರು ಉಡುಪು. ಮೂವರೂ ಮರ್ಯಾದಸ್ಥರೇ.

ಟಿವಿಯಲ್ಲಿ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ತಲೆ, ಕತ್ತು ಮುಚ್ಚಿ ಮುಖ ಕಾಣುವ ಹಾಗೆ ಸುತ್ತುವ ಬಟ್ಟೆ ಹಿಜಾಬ್. ಮುಖಕ್ಕೆ ಹಾಕುವ ಪರದೆ ನಿಖಾಬ್. ಮೈಪೂರ್ತಿ ಮುಚ್ಚುವ ಮೇಲುಡುಪು ಬುರ್ಖಾ. ಇವುಗಳಲ್ಲಿ ಯಾವುದು ಕಡ್ಡಾಯ, ಎಷ್ಟು ಕಡ್ಡಾಯ ಎಂಬ ಬಗ್ಗೆ ನಮ್ಮ ವಿದ್ವಾಂಸರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಒಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಕುರ್‌ಆನಿನ 24ನೇ ಅಧ್ಯಾಯದಲ್ಲಿ ಮರ್ಯಾದೆಯ ಮಾತು ಮೊದಲು ಬರುವುದು ಗಂಡಸರಿಗೆ. 30ನೇ ವಚನ ಅವರಿಗೆ ಕಣ್ಣು ತಗ್ಗಿಸಲು ಹೇಳುತ್ತದೆ. ಹೆಂಗಸರ ನೋಟ, ಉಡುಪಿನ ಮಾತು ಬರುವುದು ಆಮೇಲೆ, 31ರಲ್ಲಿ. ನಾವು ಗಂಡಸರು ಮಾತ್ರ 30ನ್ನು ಬಿಟ್ಟು ನೇರವಾಗಿ 31ಕ್ಕೆ ಹೋಗುತ್ತೇವೆ.

ಇನ್ನು ನಮ್ಮ ಜಿಲ್ಲೆಯ ದುಡಿಮೆ ನೋಡಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೋದ ಗೂಡು ಬಿಸಿನೀರಿನ ಬಾಣಲೆಗೆ ಬೀಳುತ್ತದೆ. ಅದರ ಮುಂದೆ ಹಬೆಯಲ್ಲಿ ಕೂತು ಎಳೆ ಹುಡುಕುವ ಕೈಗಳಲ್ಲಿ ನಮ್ಮ ಮುಸ್ಲಿಂ ಹೆಂಗಸರ ಕೈಗಳು ಎಷ್ಟೋ. ಅಲ್ಲಿ ಬುರ್ಖಾ ಗೂಟಕ್ಕೆ ನೇತುಬೀಳುತ್ತದೆ, ದುಪಟ್ಟಾ ತಲೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ತಿರುಗಣಿಯಲ್ಲಿ ತಿರುಗುವಾಗ, ಅರಗು ಹಚ್ಚುವ ಹೆಂಗಸು ಯಾವ ಧರ್ಮದವಳಾದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಲೇಬೇಕು. ಜೋತಾಡುವ ಬಟ್ಟೆ ತಿರುಗಣಿಗೆ ಸಿಕ್ಕರೆ ಅನಾಹುತ. ಯಾವಾಗ ಹೇಗೆ ಉಡಬೇಕು ಎಂದು ಈ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ನಾಡಿನಲ್ಲಿ 2022 ಬಂತು. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ವಿವಾದ ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಹುಡುಗಿಯರು ಹಿಜಾಬ್ ತೊಟ್ಟು ಬಂದರೆ ಹುಡುಗರು ಕೇಸರಿ ಶಾಲು ಹಾಕಿಕೊಂಡು ಬಂದರು. ನಮ್ಮ ಪಕ್ಕದ ಮಂಡ್ಯದ ಕಾಲೇಜೊಂದರ ಅಂಗಳದಲ್ಲಿ ಒಬ್ಬ ವಿದ್ಯಾರ್ಥಿನಿಯ ಹಿಂದೆ ಗುಂಪು ಘೋಷಣೆ ಕೂಗುತ್ತ ಬಂದದ್ದನ್ನೂ, ಅವಳು ತಿರುಗಿ ಕೂಗಿದ್ದನ್ನೂ ದೇಶವೆಲ್ಲ ನೋಡಿತು. ಪ್ರೌಢಶಾಲೆ, ಕಾಲೇಜುಗಳಿಗೆ ರಜೆ ಕೊಡಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯಲ್ಲ ಎಂದು ಹೇಳಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದು ಹುಡುಗಿಯ ಆಯ್ಕೆಗೆ ಬಿಟ್ಟದ್ದು ಎಂದರು, ಅವಳ ಓದೇ ತಮ್ಮ ಮನಸ್ಸಿನಲ್ಲಿದ್ದ ಮುಖ್ಯ ವಿಚಾರ ಎಂದೂ ಬರೆದರು. ವಿಷಯ ದೊಡ್ಡ ಪೀಠಕ್ಕೆ ಹೋಗಬೇಕೆಂದಾಯಿತು.

ಈ ನಡುವೆ ಉಡುಪಿಯಲ್ಲಿ ಅರ್ಜಿ ಹಾಕಿದ್ದ ಇಬ್ಬರು ಹುಡುಗಿಯರು ದ್ವಿತೀಯ ಪಿಯುಸಿ ಪರೀಕ್ಷೆ ಬರೆಯದೆ ಕೇಂದ್ರದಿಂದ ವಾಪಸ್ ಹೋದರು. ಮರುವರ್ಷ, 2023ರಲ್ಲಿ, ಕಲಾ ವಿಭಾಗದಲ್ಲಿ 600ಕ್ಕೆ 593 ತೆಗೆದು ರಾಜ್ಯಕ್ಕೇ ಮೊದಲು ಬಂದವಳು ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗಿ. ಓದು ಬಿಡಲು ಮನಸ್ಸಾಗದೆ ಹಿಜಾಬ್ ತೆಗೆದಿಟ್ಟು ತರಗತಿಗೆ ಹೋದೆ ಎಂದು ಅವಳು ಹೇಳಿದಳು. ಕೆಲವರು ಇವಳನ್ನು ಹೊಗಳಿ ಅವರನ್ನು ಬೈದರು, ಕೆಲವರು ಅವರನ್ನು ಹೊಗಳಿ ಇವಳನ್ನು ಬೈದರು. ನನಗೆ ಮೂವರೂ ತಂಗಿಯರ ಹಾಗೆಯೇ ಕಂಡರು. ಹದಿನೇಳು ಹದಿನೆಂಟರ ಮಗುವಿನ ಮುಂದೆ ಓದು ಬೇಕೋ, ಬಟ್ಟೆ ಬೇಕೋ ಎಂಬ ಪ್ರಶ್ನೆ ಇಟ್ಟವರು ದೊಡ್ಡವರಾದ ನಾವು.

ನಮ್ಮ ಮನೆಯ ಎರಡು ಸಂಗತಿ ಹೇಳುತ್ತೇನೆ. ನನ್ನ ಅಕ್ಕ ಇದೇ ಶಾಲೆಯಲ್ಲಿ ಓದಿದವಳು. ಸಮವಸ್ತ್ರದ ದುಪಟ್ಟಾವನ್ನೇ ತಲೆಗೆ ಸುತ್ತಿ ಬರುತ್ತಿದ್ದಳು, ಮೇಷ್ಟ್ರುಗಳು ಕೇಳುತ್ತಿದ್ದದ್ದು ಹೋಂವರ್ಕ್ ಮಾತ್ರ. ಪಿಯುಸಿಗೆ ಪೇಟೆಗೆ ಬಸ್ಸಿನಲ್ಲಿ ಹೋಗಬೇಕು ಎಂದಾಗ ಮನೆಯ ಹಿರಿಯರು ಬೇಡ ಎಂದರು. ಅಮ್ಮಿ ಒಂದು ಬುರ್ಖಾ ಹೊಲಿಸಿ ತಂದು, "ಇದನ್ನು ಹಾಕ್ಕೊಂಡು ಹೋಗ್ತಾಳೆ, ಇನ್ನು ಯಾರೂ ಮಾತಾಡಬೇಡಿ" ಎಂದರು. ಆ ಬುರ್ಖಾವೇ ಅವಳ ಬಸ್ ಪಾಸ್ ಆಯಿತು. ಇಂದು ಅವಳು ಶಿಕ್ಷಕಿ. ನನ್ನ ಚಿಕ್ಕಪ್ಪನ ಮಗಳ ತಲೆಯ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ, ಯಾವ ಆದೇಶವೂ ಅಡ್ಡ ಬರಲಿಲ್ಲ. ಆದರೂ ಎಂಟನೇ ತರಗತಿಗೆ ಓದು ನಿಂತಿತು. ಇನ್ನು ಓದಿ ಏನಾಗಬೇಕು ಎಂದವರು ನಮ್ಮವರೇ. ಹಾಗಾಗಿ ಬುರ್ಖಾ ಎಂದರೆ ಬಂಧನ ಎನ್ನುವವರು ಅಕ್ಕನನ್ನು ನೋಡಬೇಕು, ಬುರ್ಖಾ ಇದ್ದರೆ ಸಾಕು ಎನ್ನುವವರು ತಂಗಿಯನ್ನು ನೋಡಬೇಕು.

ಹೊರಗಿನ ಲೋಕವೂ ಇದನ್ನೇ ಕಲಿಸುತ್ತದೆ. ಫ್ರಾನ್ಸಿನಲ್ಲಿ 2004ರ ಕಾನೂನು ಸರ್ಕಾರಿ ಶಾಲೆಗಳಲ್ಲಿ ತಲೆವಸ್ತ್ರ ತೆಗೆಸಿತು. ಇರಾನಿನಲ್ಲಿ ಕಾನೂನು ಅದನ್ನು ಹಾಕಿಸುತ್ತದೆ. ಅಲ್ಲಿ ಅದನ್ನು ಸರಿಯಾಗಿ ಹಾಕಿಲ್ಲವೆಂದು ಪೊಲೀಸರು ಹಿಡಿದೊಯ್ದ 22 ವರ್ಷದ ಮಹ್ಸಾ ಅಮೀನಿ 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಎರಡೂ ಕಡೆ ಹೆಣ್ಣಿನ ತಲೆಯ ಮೇಲೆ ಕೈ ಇಟ್ಟದ್ದು ಬೇರೆಯವರು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ ಹಿರಿಯರು. ನಾಲ್ಕು ಜನರ ನಡುವೆ ಬಾಳುವಾಗ ಆ ಮಾತಿಗೆ ಅರ್ಥವಿದೆ. ಸಮವಸ್ತ್ರವೂ ಒಳ್ಳೆಯದೇ. ಬಡವರ ಮಗ, ಸಾಹುಕಾರರ ಮಗ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದಲ್ಲಿ ಕೂರುವ ಜಾಗ ಇದೊಂದೇ. ಆ ಬಣ್ಣದ ಒಳಗೇ ಒಂದು ದುಪಟ್ಟಾಕ್ಕೆ ಜಾಗ ಮಾಡಬಹುದು ಎಂಬುದು ನನ್ನ ಅನಿಸಿಕೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಅಂಥ ಅವಕಾಶವಿದೆ ಎಂದು ವಕೀಲರು ಹೈಕೋರ್ಟಿನಲ್ಲೂ ಹೇಳಿದ್ದರು. ನೀವು ಒಪ್ಪದೆ ಇರಬಹುದು, ಕೊನೆಗೆ ನ್ಯಾಯಾಲಯ ಹೇಳಿದ್ದನ್ನು ಎಲ್ಲರೂ ಕೇಳಬೇಕು. ಆದರೆ ನಿಯಮ ಯಾವುದೇ ಬರಲಿ, ಮರುದಿನ ಹಾಜರಿ ಪುಸ್ತಕ ತೆಗೆದು ಹುಡುಗಿಯರ ಹೆಸರು ಎಣಿಸಿ. ಒಂದು ಹೆಸರು ಕಡಿಮೆಯಾದರೂ ನಾವು ಸೋತ ಹಾಗೆ.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟೇ. ನಮ್ಮ ಮೊಹಲ್ಲಾದ ಹಿರಿಯರೇ, ಹಾಕಲೊಲ್ಲೆ ಎನ್ನುವ ಮಗಳಿಗೆ ಒತ್ತಾಯ ಮಾಡಬೇಡಿ, ಅದರ ನೆಪದಲ್ಲಿ ಅವಳ ಓದು ನಿಲ್ಲಿಸಬೇಡಿ. ಊರಿನ ಗೆಳೆಯರೇ, ಹಾಕಿಕೊಂಡು ಬರುವವಳನ್ನು ಅನುಮಾನದಿಂದ ನೋಡಬೇಡಿ. ಅವಳು ನಿಮ್ಮ ಬೀದಿಯವಳು, ನಿಮ್ಮ ಮನೆಯ ರೇಷ್ಮೆ ಸೀರೆಯ ಎಳೆ ತೆಗೆದವರ ಮಗಳು. ಗುರುಗಳೇ, ಮೂರು ದಿನ ಒಬ್ಬ ಹುಡುಗಿ ಬರದಿದ್ದರೆ ದಯವಿಟ್ಟು ಮನೆಯವರೆಗೆ ಹೋಗಿ ಕೇಳಿ. ಹಳೆಯ ವಿದ್ಯಾರ್ಥಿಗಳೇ, ಹತ್ತನೇ ತರಗತಿ ಮುಗಿಸಿ ಹೊರಡುವ ಪ್ರತಿ ಹೆಣ್ಣುಮಗುವಿನ ಪಿಯುಸಿ ಓದಿನ ಖರ್ಚಿಗೆ ಒಂದು ನಿಧಿ ಮಾಡೋಣ. ಜಾತಿ, ಧರ್ಮ ಯಾವುದನ್ನೂ ಕೇಳುವುದು ಬೇಡ. ಮೊದಲ ಕಂತಾಗಿ ನನ್ನ ಒಂದು ತಿಂಗಳ ಸಂಬಳವನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುತ್ತಿದ್ದೇನೆ.