ನಾಳ ತೆರೆದ ಮೇಲೆ

ನಿಮ್ಮ ತಂದೆಗೆ ಹೃದಯಾಘಾತವಾಗಿ, ಆಂಜಿಯೋಪ್ಲಾಸ್ಟಿಯಿಂದ ನಾಳ ತೆರೆಯಿತೆನ್ನಿ. ಮರುದಿನದ ಎಕೋ ವರದಿಯಲ್ಲಿ ‘ಶೇಕಡಾ 35’ ಎಂದು ಕಂಡು ಎದೆಗುಂದುತ್ತೀರಿ. ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರದೂಡುವ ಪಾಲು ಅದು. ಆರೋಗ್ಯವಂತರಲ್ಲೂ ನೂರಾಗದು, ಸುಮಾರು 55ರಿಂದ 70.

ರಕ್ತ ಹರಿದೊಡನೆ ಸ್ನಾಯು ಎಚ್ಚರುವುದಿಲ್ಲ. ಸಾಯದೆ ಬಳಲಿದ ಭಾಗ ಮರವಟ್ಟು ಕೆಲವು ದಿನ, ಕೆಲವೊಮ್ಮೆ ವಾರಗಳು ಸುಮ್ಮನಿರುತ್ತದೆ. ಸತ್ತ ಭಾಗ ಕಲೆಗಟ್ಟುತ್ತದೆ. ಮೊದಲ ಚಿತ್ರದಲ್ಲಿ ಎರಡೂ ಒಂದೇ ತೆರ ಕಾಣಬಹುದು. ಅದಕ್ಕೇ ವೈದ್ಯರು ಆರು ವಾರವೋ ಮೂರು ತಿಂಗಳೋ ಬಿಟ್ಟು ಮತ್ತೆ ಬರಹೇಳುವುದು.

ನೋವಿಲ್ಲ, ಕ್ಷ-ಕಿರಣವಿಲ್ಲ, 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್, ಹಡಗು ಕಟ್ಟುವಲ್ಲಿದ್ದ ಲೋಹಪರೀಕ್ಷೆಯ ಯಂತ್ರವನ್ನು ಎದೆಗೆ ಹಿಡಿದು ಕಂಡುಕೊಂಡ ವಿದ್ಯೆಯಿದು. ‘ಆರಾಮವಾಗಿದ್ದೇನೆ, ಇನ್ನೇಕೆ?’ ಎಂದಾರು ಅವರು. ಅಂಕಿ ಆಗಲೂ ಏರದಿದ್ದರೆ, ಹೃದಯ ಹಠಾತ್ತನೆ ನಿಲ್ಲದಂತೆ ಕಾಯುವ ಸಾಧನದ ಮಾತು ಬರುವುದು ಅಂದೇ. ಹಳೆಯ ವರದಿ ಹಿಡಿದು ನೀವೇ ಕರೆದೊಯ್ಯಿರಿ.