ಸೈಕಲ್ ಸವಾರನ ಕಿರುಹೊತ್ತಗೆ



ಸಾಹಿತ್ಯವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳ ಅಪೇಕ್ಷೆ. ಆದರೆ ಕರುಮತ್ತಂಪಟ್ಟಿಯ ಕನ್ನಡಿಗರು ದಿನವೂ ಎದುರಿಸಬೇಕಾದದ್ದು ಸೇಲಂ–ಕೊಚ್ಚಿ ಹೆದ್ದಾರಿಯನ್ನು. ಸೋಮನೂರಿನ ಕಡೆ ಮಗ್ಗದ ಕೆಲಸ ಮುಗಿಸಿ ಇರುಳಿನಲ್ಲಿ ಸೈಕಲ್ಲೇರಿ ಬರುವವರೂ, ಬೆಳಗ್ಗೆ ಶಾಲೆಗೆ ಹೊರಡುವ ಮಕ್ಕಳೂ ನಮ್ಮಲ್ಲಿರುವರು. ಎಚ್ಚರದಿಂದ ಹೋಗಿರೆಂದು ಎಲ್ಲರೂ ಹೇಳುವರು. ಅಪಘಾತವಾದ ಮೇಲೆ ಏನನ್ನು ಬರೆದಿಡಬೇಕೆಂದು ಹೇಳುವವರು ವಿರಳ.

ಗಾಯಗೊಂಡವರ ಆರೈಕೆಯೇ ಮೊದಲು. ೧೦೮ಕ್ಕೆ ಕರೆ ಹೋಗಲಿ. ಸಹಾಯಕ್ಕೆ ಬಂದವರು ತಮಗೆಲ್ಲಿ ತೊಡಕಾದೀತೋ ಎಂದು ಹಿಂಜರಿಯಬೇಕಾಗಿಲ್ಲ. ೨೦೧೯ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯೇ ಅಂಥವರಿಗೆ ರಕ್ಷಣೆಯನ್ನಿತ್ತಿದೆ.

ಆ ಬಳಿಕ ಬರವಣಿಗೆ. ಕಾಲು ಗಂಟೆಯೊಳಗೆ ಲಾರಿ ಹೊರಟುಹೋಗುತ್ತದೆ, ಗಾಜಿನ ಚೂರುಗಳನ್ನು ಗುಡಿಸಿಬಿಡುತ್ತಾರೆ, ಮರುದಿನ ಸೈಕಲ್ಲೂ ಅಂಗಡಿ ಸೇರಿ ನೆಟ್ಟಗಾಗುತ್ತದೆ. ನೆನಪಿನ ಗತಿಯಂತೂ ಇನ್ನೂ ವಿಚಿತ್ರ: ಕಂಡದ್ದೂ ಕೇಳಿದ್ದೂ ಬೆರೆತು, ಸಂಜೆಯ ವೇಳೆಗೆ ಪ್ರಾಮಾಣಿಕನೂ ತಾನು ಕಾಣದುದನ್ನು ಕಂಡೆನೆಂದೇ ನಂಬುತ್ತಾನೆ. ಆದುದರಿಂದ ಸೈಕಲ್ಲಿನ ಚೀಲದಲ್ಲಿ ಅಂಗೈಯಗಲದ ಹೊತ್ತಗೆಯೊಂದೂ ಸೀಸದ ಕಡ್ಡಿಯೊಂದೂ ಸದಾ ಇರಲಿ. ಕೈಯಲ್ಲಿ ಮೊಬೈಲ್ ಇದ್ದವರು ಚಿತ್ರ ತೆಗೆಯಲಿ, ವಾಹನಗಳನ್ನು ಸರಿಸುವುದಕ್ಕೆ ಮುಂಚೆಯೇ ತೆಗೆಯಲಿ; ಆದರೆ ಬಿದ್ದ ಪೆಟ್ಟಿಗೆ ಅದೂ ಒಡೆದೀತು. ಸೀಸದ ಕಡ್ಡಿ ಮುರಿದರೆ ಎರಡಾಗುತ್ತದೆ, ಅಷ್ಟೆ.

ಹೊತ್ತಗೆಯ ಮೊದಲ ಪುಟದಲ್ಲಿ ಸವಾರನ ಹೆಸರು, ಮನೆಯವರ ದೂರವಾಣಿ, ರಕ್ತದ ಗುಂಪು ಇವು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರಲಿ. ಎತ್ತುವ ಕೈ ಯಾರದೋ ಬಲ್ಲವರಾರು?

ವಾಹನದ ಸಂಖ್ಯೆಯನ್ನು ಪೂರ್ತಿಯಾಗಿ ಬರೆಯಬೇಕು. ಕೊನೆಯ ನಾಲ್ಕು ಅಂಕಿ ಸಾಲದು. ಟಿಎನ್ ೩೮ ಎಂದರೆ ಕೊಯಮತ್ತೂರು ಉತ್ತರ, ೩೯ ಎಂದರೆ ತಿರುಪ್ಪೂರು ಉತ್ತರ. ಕೆಎಲ್ ೯ ಪಾಲಕ್ಕಾಡಿನದು. ಪೂರ್ತಿ ಸಿಕ್ಕದಿದ್ದರೆ ಸಿಕ್ಕಷ್ಟನ್ನೇ ಬರೆಯಿರಿ, ಊಹಿಸಿ ತುಂಬಬೇಡಿ. ಗುದ್ದಿದವನು ಓಡಿಹೋಗಿ ವಾಹನ ಪತ್ತೆಯಾಗದಿದ್ದರೂ, ೨೦೨೨ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ ತೀವ್ರ ಗಾಯಕ್ಕೆ ೫೦,೦೦೦ ರೂಪಾಯಿ, ಮರಣಕ್ಕೆ ೨ ಲಕ್ಷ ಪರಿಹಾರವುಂಟು. ಅದನ್ನು ಕೇಳುವುದಕ್ಕೂ ದಿನ, ಗಂಟೆ, ಸ್ಥಳ ಬೇಕಲ್ಲವೆ?

ಸ್ಥಳವೆಂದಾಗ ನನಗೆ ಆತಕೂರಿನ ಶಾಸನ ನೆನಪಾಗುತ್ತದೆ. ಕ್ರಿ.ಶ. ೯೪೯–೫೦ರ ಆ ಕಲ್ಲು, ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುವಾಗ ಬೆಳತೂರಿನ ಪಡುವಣ ದಿಕ್ಕೆಂದು ಗುರುತಿಸುವುದನ್ನು ಮರೆತಿಲ್ಲ. ನಾಯಿಯ ಸಾವಿಗೆ ದಿಕ್ಕು ಬರೆದ ಜನ ನಾವು! ಎಡಬಲಗಳು ನಿಂತವನು ತಿರುಗಿದಂತೆ ತಿರುಗುತ್ತವೆ. "ಅವಿನಾಶಿಯಿಂದ ಕೊಯಮತ್ತೂರಿನ ಕಡೆಗೆ ಬರುತ್ತಿದ್ದ ಲಾರಿ" ಎಂಬ ಮಾತು ತಿರುಗದು. "ಕುರುಡನಂತೆ ಓಡಿಸಿದ" ಎಂದು ಬರೆಯುವುದು ಕೋಪಕ್ಕೆ ಸಮಾಧಾನ, ವಿಚಾರಣೆಗೆ ನಿಷ್ಪ್ರಯೋಜಕ. ದೀಪ ಉರಿಯುತ್ತಿತ್ತೆ, ಮಳೆಯಿತ್ತೆ, ಯಾವ ಅಂಗಡಿಯ ಮುಂದೆ, ಕಂಡವರಾರು ಎಂಬಿವು ಬೇಕು. ನಮ್ಮವನದೇ ತಪ್ಪಿದ್ದರೂ ಕಂಡಂತೆಯೇ ಬರೆಯಬೇಕು.

ನಮ್ಮ ಮನೆಗಳಲ್ಲಿ ಆಡುವುದು ಕನ್ನಡ, ಠಾಣೆಯಲ್ಲಿ ಬರೆಯುವುದು ತಮಿಳು. "ಬಲ" ಅಲ್ಲಿ "ವಲ" ಆಗುವುದು, "ಎಡ" "ಇಡ" ಆಗುವುದು. ಸೋದರ ಭಾಷೆಗಳೆಂಬ ಸಲುಗೆಯಿಂದ ನಾವು ಅರ್ಧ ಕೇಳಿ ತಲೆಯಾಡಿಸುತ್ತೇವೆ. ಹೀಗೆ ತಲೆಯಾಡಿಸಿ ಸಹಿ ಹಾಕುವುದು ಅಪಾಯ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ವಿಧಿಯಂತೆ, ಬಾಯಿಮಾತಿನ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ಓದಿ ಹೇಳಬೇಕು. ಓದುವಾಗ ನಿಮ್ಮ ಹೊತ್ತಗೆ ತೆರೆದಿರಲಿ. ಒಂದೊಂದು ಸಾಲನ್ನೂ ಅದರೊಡನೆ ತಾಳೆ ನೋಡಿರಿ. ತಮಿಳು ಚೆನ್ನಾಗಿ ಓದಬಲ್ಲ ನೆರೆಯವರೊಬ್ಬರನ್ನು ಕರೆದೊಯ್ಯುವುದು ಲೇಸು. ಸಹಿಯಾದ ಮೇಲೆ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.