ಅಭಯಚಂದ್ರ ಜೈನರ ಸಾರ್ವಜನಿಕ ಸೇವೆ



ಚುನಾವಣಾ ಕಣದಿಂದ ಹಿಂದೆ ಸರಿದಿರುವ ಶ್ರೀ ಕೆ. ಅಭಯಚಂದ್ರ ಜೈನ್ ಅವರ ಸೇವೆಯನ್ನು ಸ್ಮರಿಸುವುದು ನಮ್ಮ ಕರ್ತವ್ಯ. 1999ರಿಂದ 2018ರವರೆಗೆ ಅವರು ಮೂಡುಬಿದಿರೆಯ ಶಾಸಕರು, ನಾಲ್ಕು ಗೆಲುವು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಆದುದರಿಂದ ಅವರನ್ನು ಗೆಲ್ಲಿಸಿದವರು ನಾವಲ್ಲ. ಬಿಲ್ಲವರು, ಬಂಟರು, ಮೊಗವೀರರು, ಕ್ರೈಸ್ತರು, ಮುಸಲ್ಮಾನರು, ದಲಿತರು. "ನಮ್ಮವರು" ಎಂದು ಹೆಮ್ಮೆಪಡುವಾಗ ಇದು ನೆನಪಿರಲಿ.

2013ರಲ್ಲಿ ಸಚಿವರಾದಾಗ ಯುವಜನ ಸೇವೆ, ಕ್ರೀಡೆಯೊಡನೆ ಮೀನುಗಾರಿಕೆಯೂ ಅವರ ಪಾಲಿಗೆ ಬಂತು. ಜೈನನಿಗೆ ಮೀನುಗಾರಿಕೆಯೇ ಎಂದು ಮೂಗು ಮುರಿಯುವವರು ನಮ್ಮಲ್ಲಿ ಇಂದಿಗೂ ಉಂಟು. ಅವರ ಕ್ಷೇತ್ರ ಬಸದಿಗಳ ಮೂಡುಬಿದಿರೆಯಲ್ಲಿ ಮುಗಿಯುವುದಿಲ್ಲ, ಮುಲ್ಕಿಯ ಕಡಲನ್ನು ಮುಟ್ಟುತ್ತದೆ. ದೋಣಿ ನಂಬಿ ಬದುಕುವ ಮನೆಗೆ ಬೇಕಾದುದು ಬಂದರು, ಡೀಸೆಲ್ ರಿಯಾಯಿತಿ, ಮಳೆಗಾಲದ ಅನ್ನ. ಶ್ರಾವಕನ ಅಣುವ್ರತ ಅವನ ಆತ್ಮಕ್ಕೆ ಸಂಬಂಧಿಸಿದ್ದು. ಸಚಿವನ ಪ್ರಮಾಣವಚನ ಸಂವಿಧಾನಕ್ಕೆ. ತನ್ನ ವ್ರತವನ್ನು ಪರರ ಅನ್ನದ ಮೇಲೆ ಹೇರದಿರುವುದೂ ಅಹಿಂಸೆಯೇ ಎಂಬುದು ನನ್ನ ಅಭಿಮತ.

2018ರಲ್ಲಿ ಸೋತರು. 2023ರಲ್ಲಿ ಸ್ಪರ್ಧಿಸದೆ ಕಿರಿಯರಾದ ಮಿಥುನ್ ರೈ ಅವರಿಗೆ ಸ್ಥಾನ ತೆರವು ಮಾಡಿದರು. ನಮ್ಮ ಸಂಘಗಳಲ್ಲಿ ಎಷ್ಟು ಪದಾಧಿಕಾರಿಗಳು ಹಾಗೆ ಕುರ್ಚಿ ಬಿಟ್ಟಿದ್ದಾರೆಂಬುದನ್ನು ಸಭೆಯೇ ಬಲ್ಲದು. ಅವರಿಗೆ ಆಯುರಾರೋಗ್ಯ ಹಾರೈಸುತ್ತೇನೆ. ಜೈ ಜಿನೇಂದ್ರ.